ಚಳಿನಾಡಿನ ಪಾಮ್ ಬೀಜ ಮೊಳೆಯುತ್ತಿಲ್ಲವೇ? ತಪ್ಪು ಎಲ್ಲಿದೆ ಅಂತ ಹುಡುಕುವುದು ಹೀಗೆ

ನಾನು ಸಾಗರದ ಕಡೆಯ ಅಡಿಕೆ ತೋಟದ ಮನೆಯವನು. ಈಗ ಇರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಪಕ್ಕದ ಬೀದಿಯ ಒಂದು ಮನೆಯ ಮುಂದೆ ಎರಡಾಳೆತ್ತರದ ಮೂರು ಪಾಮ್ ಮರಗಳಿವೆ. ಎಲೆಯ ಮೇಲೆ ಹಿಮ ಕೂತಿದ್ದರೂ ಅವಕ್ಕೆ ಲೆಕ್ಕಕ್ಕಿಲ್ಲ. ಒಂದು ಡಿಸೆಂಬರಿನಲ್ಲಿ ಮನೆಯವರನ್ನು ಕೇಳಿ ಒಂದು ಗೊನೆ ಹಣ್ಣು ತಂದೆ. ಅಡಿಕೆ ಸಸಿ ಮಾಡಿದ ಕೈ, ಇದೇನು ಮಹಾ ಅಂದುಕೊಂಡಿದ್ದೆ. ಹಾಕಿದ್ದು 40 ಬೀಜ. ಹುಟ್ಟಿದ್ದು ಸೊನ್ನೆ.

ಆಮೇಲೆ ಕೂತು ಯೋಚಿಸಿದಾಗ ಗೊತ್ತಾಗಿದ್ದು ಇಷ್ಟು. ನಾನು ಮಾಡಿದ ಒಂದೊಂದು ತಪ್ಪೂ ಅಡಿಕೆ ಮಡಿಯಲ್ಲಿ ಸರಿಯಾದ ಕೆಲಸವೇ ಆಗಿತ್ತು. ಗೋಟನ್ನು, ಅಂದರೆ ಬೀಜದ ಹಣ್ಣಡಿಕೆಯನ್ನು, ಸಿಪ್ಪೆ ಸಮೇತ ಹೂಳುತ್ತೇವೆ. ಹಾಗಾಗಿ ಇದನ್ನೂ ತಿರುಳು ಸಮೇತ ಹೂತೆ. ಅಡಿಕೆಗೆ ಸೆಕೆ ಬೇಕು. ಹಾಗಾಗಿ ಇದನ್ನು ಕೋಣೆ ಬಿಸಿ ಮಾಡುವ ರೇಡಿಯೇಟರ್ ಮೇಲಿಟ್ಟೆ. ಅಡಿಕೆ ಮಡಿಗೆ ದಿನಾ ನೀರು. ಇದಕ್ಕೂ ದಿನಾ ನೀರು. ಚಳಿನಾಡಿನ ಪಾಮ್‌ಗೆ ಈ ಮೂರೂ ಆಗಿಬರುವುದಿಲ್ಲ. ಊರು ಬಿಟ್ಟು ಬಂದ ನಮ್ಮಂಥವರು ಹೆಚ್ಚಾಗಿ ಎಡವುವುದೂ ಇಲ್ಲೇ. ಅದಕ್ಕೇ ಕೆಳಗಿನದನ್ನು ಆ ಕಣ್ಣಿನಿಂದಲೇ ಬರೆದಿದ್ದೇನೆ.

ಮರದ ಹೆಸರು ಟ್ರಾಕಿಕಾರ್ಪಸ್ ಫಾರ್ಚುನೈ. ಇಲ್ಲಿಯ ಹಳಬರು ಚೂಸಾನ್ ಪಾಮ್ ಅನ್ನುತ್ತಾರೆ. ಚೂಸಾನ್ ಅಂದರೆ ಚೀನಾದ ಒಂದು ದ್ವೀಪ, ಈಗ ಅದನ್ನು ಝೌಶಾನ್ ಅಂತ ಬರೆಯುತ್ತಾರೆ. ರಾಬರ್ಟ್ ಫಾರ್ಚೂನ್ ಎಂಬ ಗಿಡ ಹುಡುಕುವವನು 1849ರಲ್ಲಿ ಅಲ್ಲಿಂದ ಲಂಡನ್ನಿನ ಕ್ಯೂ ತೋಟಕ್ಕೆ ಸಸಿ ಕಳಿಸಿದ್ದ. ಚೀನಾದಿಂದ ನಮ್ಮ ದೇಶಕ್ಕೆ ಚಹಾ ಗಿಡ ಸಾಗಿಸಿದವನೂ ಅವನೇ. ಕೆಳಗೆ ಸುಮ್ನೆ ಚೂಸಾನ್ ಅಂತಲೇ ಕರೆಯುತ್ತೇನೆ.

ಮೊದಲು ಬೀಜದ ಮುಖ ನೋಡಿ

ತಪ್ಪು ಹುಡುಕುವ ಮೊದಲು ಕೈಯಲ್ಲಿರುವುದು ಏನು ಅಂತ ಖಾತ್ರಿ ಮಾಡಿಕೊಳ್ಳಿ. ಚೂಸಾನ್ ಬೀಜ ದಪ್ಪ ಅಲಸಂದೆ ಕಾಳಿನ ಹಾಗೆ ಒಂದು ಬದಿ ಒಳಕ್ಕೆ ಬಾಗಿರುತ್ತದೆ. ನಿಮ್ಮ ಬೀಜ ಕಾಫಿ ಬೀಜದ ಹಾಗೆ ಉದ್ದುದ್ದಕ್ಕಿದ್ದು, ನಡುವೆ ಗೀರು ಇದ್ದರೆ ಅದು ಇದರದೇ ಬಳಗದ, ಮೇಘಾಲಯ, ನೇಪಾಳದ ಕಡೆಯ ಮಾರ್ಟಿಯಾನಸ್ ಪಾಮ್ ಇರಬಹುದು, ಇಲ್ಲವೇ ಕಾಲಿಂಪಾಂಗ್ ಕಡೆಯ ಲಾಟಿಸೆಕ್ಟಸ್. ಅವು ಚೂಸಾನ್‌ನಷ್ಟು ಚಳಿ ತಡೆಯುವುದಿಲ್ಲ. ಸಾಸಿವೆಗಿಂತ ತುಸು ದೊಡ್ಡದಾಗಿ ಕಪ್ಪಗೆ ಮಿರಮಿರ ಅನ್ನುತ್ತಿದ್ದರೆ ಅದು ಪಾಮೇ ಅಲ್ಲ, ಕಾರ್ಡಿಲೈನ್. ಇಂಗ್ಲೆಂಡಿನ ಟಾರ್ಕೀ ಕಡಲತೀರದಲ್ಲಿ ಪ್ರವಾಸಿಗಳು ಫೋಟೊ ತೆಗೆಸಿಕೊಳ್ಳುವ 'ಟೋರ್ಬೆ ಪಾಮ್' ಅದೇ. ಮೂಲ ನ್ಯೂಜಿಲೆಂಡ್. ಅದರ ಬೀಜಕ್ಕೆ ಈ ಬರಹದ ಯಾವ ಮಾತೂ ಹೊಂದುವುದಿಲ್ಲ.

ನಾನು ಒಮ್ಮೆ ದುಡ್ಡು ಕೊಟ್ಟು ಟಾಕಿಲ್ ಬೀಜ ತರಿಸಿದ್ದೆ. ಉತ್ತರಾಖಂಡದ ಪಿಥೋರಗಢದ ಹತ್ತಿರ ಥಲ್‌ಕೇದಾರ್ ಬೆಟ್ಟದ ಮೇಲೆ, ಹಿಮ ಬೀಳುವ ಕಾಡಿನಲ್ಲಿ ಬೆಳೆಯುವ ನಮ್ಮ ದೇಶದ್ದೇ ಪಾಮ್ ಅದು. ಬಂದ ಬೀಜ ಹುಟ್ಟಿತು, ಬೆಳೆಯಿತು. ಆದರೆ ನೋಡಲು ಪಕ್ಕದ ಬೀದಿಯ ಚೂಸಾನ್ ಹಾಗೇ ಇದೆ. ಈ ಎರಡರ ಬೀಜ ನೋಡಿ ಬೇರೆ ಮಾಡುವುದು ಕಷ್ಟ. ಆಸೆಗೆ ಬಿದ್ದು ಜಾಸ್ತಿ ಬೆಲೆ ಕೊಡಬೇಡಿ.

ಮರದಿಂದಲೇ ಕಿತ್ತು ತಂದಿದ್ದರೆ ಇನ್ನೊಂದು ಪ್ರಶ್ನೆ ಇದೆ. ಚೂಸಾನ್‌ನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹತ್ತಿರದಲ್ಲಿ ಗಂಡು ಇಲ್ಲದ ಹೆಣ್ಣು ಮರದಿಂದ ಮೊಳೆಯುವ ಬೀಜ ಸಿಗುವುದಿಲ್ಲ. ಹಣ್ಣು ಕಪ್ಪು ನೀಲಿಗೆ ತಿರುಗಿ, ಮೇಲೆ ದ್ರಾಕ್ಷಿಯ ಮೇಲಿರುವಂಥ ಬೂದಿ ಬಣ್ಣದ ಪುಡಿ ಕೂತಿರಬೇಕು. ಹಸಿರು ಕಾಯಿ ಕಿತ್ತಿದ್ದರೆ ಮುಂದೆ ಓದುವುದು ಬೇಡ, ಮುಂದಿನ ಚಳಿಗಾಲದವರೆಗೆ ಕಾಯಿರಿ.

ಎರಡು ತಿಂಗಳಾಯ್ತು, ಏನೂ ಇಲ್ಲ

ಎಲ್ಲರೂ ಮೊದಲು ಹೇಳುವುದು "ಬೀಜ ಸತ್ತಿರಬೇಕು" ಅಂತ. ನಾನು ಆ ಅನುಮಾನವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ನೋಡಬೇಕಾದ್ದು ಬಿಸಿ, ಆಮೇಲೆ ತೇವ, ಆಮೇಲೆ ಬೀಜ.

ಬಿಸಿ ಅಂದರೆ ಎಷ್ಟು? ಚೂಸಾನ್‌ಗೆ 20ರಿಂದ 25 ಡಿಗ್ರಿ ಸಾಕು. ಅಷ್ಟರಲ್ಲಿ ತಾಜಾ ಬೀಜ ಒಂದರಿಂದ ಮೂರು ತಿಂಗಳೊಳಗೆ ಬಾಲದಂಥ ಮೊಳಕೆ ಬಿಡುತ್ತದೆ. 30 ದಾಟಿದರೆ ಅದಕ್ಕೆ ಹಿಂಸೆ. ಸ್ವಿಟ್ಜರ್ಲೆಂಡಿನ ತಿಚೀನೊ ಪ್ರಾಂತ್ಯದಲ್ಲಿ ಹಕ್ಕಿಗಳು ಬೀಳಿಸಿದ ಬೀಜದಿಂದಲೇ ಈ ಪಾಮ್ ಕಾಡಿನೊಳಗೆಲ್ಲ ಹಬ್ಬಿಬಿಟ್ಟಿದೆ. 2024ರ ಸೆಪ್ಟೆಂಬರ್‌ನಿಂದ ಆ ದೇಶದಲ್ಲಿ ಇದರ ಮಾರಾಟಕ್ಕೇ ನಿಷೇಧ. ಆಲ್ಪ್ಸ್ ಬುಡದ ತರಗೆಲೆಯ ಕೆಳಗೆ ಯಾರೂ ಹೀಟರ್ ಇಟ್ಟಿರಲಿಲ್ಲ, ಅಲ್ವಾ?

ಆದರೆ ಎಲ್ಲ ಪಾಮ್‌ಗೂ ಇದೇ ಅಳತೆ ಅಂದುಕೊಳ್ಳಬೇಡಿ. ವಾಷಿಂಗ್ಟೋನಿಯಾ ಎಂಬ ಪಾಮ್ 25ರಿಂದ 30ರಲ್ಲಿ ಕೆಲವೇ ವಾರದಲ್ಲಿ ಹುಟ್ಟುತ್ತದೆ, ಅದರಷ್ಟು ಸುಲಭದ್ದು ಬೇರೆ ಇಲ್ಲ. ಮೆಡಿಟರೇನಿಯನ್ ಕಡೆಯ ಕುಳ್ಳ ಪಾಮ್ ಕಮೆರಾಪ್ಸ್‌ಗೆ ಚೂಸಾನ್ ಅಳತೆಯೇ ನಡೆಯುತ್ತದೆ. ಬ್ಯೂಟಿಯಾ ಎಂಬ ಪಾಮ್ ಮಾತ್ರ ಹಟಮಾರಿ. ಕಲ್ಲಿನಂಥ ಓಟೆ, ಅದರೊಳಗೆ ಒಂದರಿಂದ ಮೂರು ಬೀಜ, ಜಾಸ್ತಿ ಬಿಸಿ ಬೇಕು, ಆದರೂ ವರ್ಷ ಕಾಯಿಸಬಹುದು. ಚಿಲಿ ದೇಶದ ಜುಬೆಯಾ ಪಾಮ್ ಕೂಡ ಅಂಥದ್ದೇ ಹಟಮಾರಿ. ನಿಮ್ಮದು ಈ ಎರಡರಲ್ಲಿ ಒಂದಾಗಿದ್ದರೆ ಎರಡು ತಿಂಗಳಿಗೆ ದೋಷ ಹುಡುಕುವುದೇ ದೋಷ.

ನನ್ನ ರೇಡಿಯೇಟರ್ ಕಥೆಗೆ ಬರೋಣ. ಎರಡನೇ ವರ್ಷ ಒಂದು ಕೆಲಸ ಮಾಡಿದೆ. ದಿನದ ಅತಿ ಜಾಸ್ತಿ, ಅತಿ ಕಡಿಮೆ ಬಿಸಿಯನ್ನು ನೆನಪಿಟ್ಟುಕೊಳ್ಳುವ ಅಗ್ಗದ ಥರ್ಮಾಮೀಟರ್ ತಂದು ಅದರ ತಂತಿಯ ತುದಿಯನ್ನು ಬೀಜದ ಚೀಲದೊಳಗೇ ಇಟ್ಟೆ. ಮಾರನೇ ದಿನ ನೋಡಿದರೆ 41 ಮತ್ತು 13. ಇಲ್ಲಿಯ ಮನೆಗಳಲ್ಲಿ ರೇಡಿಯೇಟರಿಗೆ ಬಿಸಿನೀರು ಕೊಡುವ ಬಾಯ್ಲರ್ ಬೆಳಿಗ್ಗೆ ಎರಡು ತಾಸು, ಸಂಜೆ ನಾಲ್ಕು ತಾಸು ಓಡುತ್ತದೆ. ಉಳಿದ ಹೊತ್ತು ಬೀಜ ತಣ್ಣಗಿನ ಕಬ್ಬಿಣದ ಮೇಲೆ ಕೂತಿರುತ್ತದೆ. ದಿನಕ್ಕೆ ಎರಡು ಸಲ ಬೇಯಿಸಿ ಎರಡು ಸಲ ತಣಿಸಿದ ಹಾಗೆ. ಕೋಣೆಯ ಗೋಡೆಯ ಥರ್ಮಾಮೀಟರ್ ಮಾತ್ರ ಸಜ್ಜನನಂತೆ 20 ಅನ್ನುತ್ತಲೇ ಇತ್ತು. ಹಾಗಾಗಿ ಅಳೆಯುವುದು ಬೀಜ ಇರುವ ಜಾಗದಲ್ಲಿ, ಕೋಣೆಯಲ್ಲಲ್ಲ. ಒಂದು ಪೂರ್ತಿ ಹಗಲು ರಾತ್ರಿ ಅಳೆಯಿರಿ.

ಬಿಸಿನೀರಿನ ತೊಟ್ಟಿ ಇರುವ ಕಪಾಟು ಮನೆಯಲ್ಲಿದ್ದರೆ ಅದರ ಮೇಲಿನ ಹಲಗೆ ಬಲು ಚೆಂದದ ಜಾಗ. ಹೊಸ ಮನೆಗಳಲ್ಲಿ ಅದು ಇರುವುದಿಲ್ಲ. ಆಗ ಫ್ರಿಜ್ ಮೇಲೆ, ಇಂಟರ್ನೆಟ್ ಡಬ್ಬಿಯ ಮೇಲೆ ಇಡುತ್ತಾರೆ. ನಾನು ಕೊನೆಗೆ ಬೀಜ ಬೆಚ್ಚಗಿಡುವ ಮ್ಯಾಟ್ ಕೊಂಡೆ. ಅದಕ್ಕೆ ಥರ್ಮೋಸ್ಟಾಟ್, ಅಂದರೆ ಬಿಸಿಯನ್ನು ಮಿತಿಯಲ್ಲಿಡುವ ಸಾಧನ, ಇರಲೇಬೇಕು. ಬರೀ ಮ್ಯಾಟ್ ಕೋಣೆಯ ಬಿಸಿಯ ಮೇಲೆ ಹತ್ತು ಡಿಗ್ರಿಯಷ್ಟು ಸೇರಿಸುತ್ತಾ ಹೋಗುತ್ತದೆ, ಬೇಸಿಗೆಯಲ್ಲಿ ಬೀಜ ಬೆಂದುಹೋಗುತ್ತದೆ.

ಬಿಸಿ ಸರಿ ಇದೆಯೇ? ಹಾಗಿದ್ದರೆ ತೇವ. ಬೀಜವನ್ನು ಎರಡು ದಿನ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ. ಆಮೇಲೆ ಜಿಪ್ ಚೀಲದಲ್ಲಿ ಕೊಕೊಪೀಟ್ (ತೆಂಗಿನ ಸಿಪ್ಪೆಯ ಪುಡಿ) ಜೊತೆ ಹಾಕಿಡಿ. ಆ ಕೊಕೊಪೀಟನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಚಕ್ಕುಲಿ ಹಿಟ್ಟಿನ ಹದ ಗೊತ್ತಿದ್ದವರಿಗೆ ಇದು ಕಷ್ಟವಲ್ಲ. ಚೀಲದ ಒಳಗೋಡೆಯಲ್ಲಿ ಮಂಜು ಕೂತರೆ ಸರಿ. ತಳದಲ್ಲಿ ನೀರು ನಿಂತಿದ್ದರೆ ಬೀಜ ಉಸಿರುಕಟ್ಟಿ ಸಾಯುತ್ತದೆ. ಒಮ್ಮೆ ಸರಿಯಾಗಿ ತೇವ ಮಾಡಿ ಚೀಲ ಮುಚ್ಚಿದರೆ ಮತ್ತೆ ನೀರು ಬೇಕಾಗುವುದೇ ಇಲ್ಲ. ವಾರಕ್ಕೊಮ್ಮೆ ಬಾಯಿ ಬಿಚ್ಚಿ ಗಾಳಿಯಾಡಿಸಿ ಮುಚ್ಚಿದರಾಯ್ತು.

ಕುಂಡದಲ್ಲಿ ಹೂಳುವುದಕ್ಕಿಂತ ಚೀಲವನ್ನು ನಾನು ಮೆಚ್ಚುವುದು ಒಂದೇ ಕಾರಣಕ್ಕೆ. ಬೀಜ ಕಣ್ಣಿಗೆ ಕಾಣುತ್ತದೆ. ಕುಂಡದಲ್ಲಿದ್ದಾಗ ನಾನು ನಾಲ್ಕು ದಿನಕ್ಕೊಮ್ಮೆ ಬೆರಳು ಹಾಕಿ ಕೆದಕಿ ನೋಡುತ್ತಿದ್ದೆ. ಕೆದಕಿ ನೋಡಿದ ಬೀಜದ ಬೇರಿನ ತುದಿ ಮುರಿದರೆ ಆ ಬೀಜದ ಕಥೆ ಮುಗಿಯಿತು.

ಬಿಸಿ ಸರಿ, ತೇವ ಸರಿ, ನಾಲ್ಕು ತಿಂಗಳಾಗಿದೆ. ಈಗ ಬೀಜದ ಮೇಲೆ ಅನುಮಾನ ಪಡಬಹುದು. 20 ಬೀಜ ಇದ್ದರೆ ಎರಡನ್ನು ಬಲಿ ಕೊಡಿ. ಊರಿಂದ ತಂದ ಅಡಕತ್ತರಿ ಇದ್ದರೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಚೂಸಾನ್ ಬೀಜ ಒಣ ಅಡಿಕೆಯಷ್ಟೇ ಗಟ್ಟಿ. ಒಳಗೆ ದಂತದ ಬಣ್ಣದ ಗಟ್ಟಿ ತಿರುಳು, ಅಂಚಿನ ಹತ್ತಿರ ಎಳ್ಳಿನಷ್ಟು ಪುಟ್ಟ ಗೂಟದಂಥ ಭ್ರೂಣ ಕಾಣಬೇಕು. ಅದು ಕೆನೆ ಬಣ್ಣದಲ್ಲಿ ದುಂಡಗಿದ್ದರೆ ಉಳಿದ 18ನ್ನು ಮತ್ತೆ ಚೀಲಕ್ಕೆ ಹಾಕಿ ಸುಮ್ನಿರಿ. ಕಂದು ಬಣ್ಣಕ್ಕೆ ತಿರುಗಿ ಮುರುಟಿದ್ದರೆ ಬೀಜ ಒಣಗಿ ಸತ್ತಿದೆ. ತಿರುಳು ಬೂದು ಬಣ್ಣವಾಗಿ ಮೆತ್ತಗಾಗಿ ಹುಳಿ ವಾಸನೆ ಹೊಡೆದರೆ ಕೊಳೆತು ಸತ್ತಿದೆ. ಈ ವ್ಯತ್ಯಾಸ ಮುಖ್ಯ. ಒಣಗಿದ್ದರೆ ತಪ್ಪು ಹೆಚ್ಚಾಗಿ ಬೀಜ ಇಟ್ಟುಕೊಂಡಿದ್ದವರದ್ದು. ಕೊಳೆತಿದ್ದರೆ ಹೆಚ್ಚಾಗಿ ನಮ್ಮದು.

ನೀರಲ್ಲಿ ತೇಲಿದ್ದು ಕೆಟ್ಟದ್ದು, ಮುಳುಗಿದ್ದು ಒಳ್ಳೆಯದು ಅಂತ ಬಹಳ ಜನ ಹೇಳುತ್ತಾರೆ. ನಾನು ತೇಲಿದ್ದನ್ನು ಬೇರೆ ಚೀಲದಲ್ಲಿಟ್ಟು ನೋಡಿದ್ದೇನೆ. ಹನ್ನೊಂದರಲ್ಲಿ ನಾಲ್ಕು ಹುಟ್ಟಿದವು. ಆ ಪರೀಕ್ಷೆಯನ್ನು ನಂಬಿ ಎಸೆಯಬೇಡಿ.

ಬೀಜದ ಮೇಲೆ ಬಿಳಿ ಬೂಸ್ಟು

ಗಾಬರಿ ಬೇಡ. ಬೂಸ್ಟು ಬರುವುದು ಹೆಚ್ಚಾಗಿ ಬೀಜಕ್ಕಲ್ಲ, ಅದಕ್ಕೆ ಅಂಟಿ ಉಳಿದ ತಿರುಳಿಗೆ. ನನ್ನ ಮೊದಲ ವರ್ಷದ 40 ಬೀಜ ಹತ್ತಿಯ ಉಂಡೆಗಳಾಗಿದ್ದು ಇದರಿಂದಲೇ. ತಿರುಳಿನಲ್ಲಿ ಮೊಳಕೆಯನ್ನು ತಡೆಹಿಡಿಯುವ ಗುಣವೂ ಇದೆ. ಹಣ್ಣನ್ನು ಎರಡು ಮೂರು ದಿನ ನೀರಲ್ಲಿ ನೆನೆಹಾಕಿ, ಜರಡಿಯ ಮೇಲೆ ಉಜ್ಜಿ, ಬೀಜ ಬರಿಮೈ ಆಗುವವರೆಗೆ ತೊಳೆಯಿರಿ. ಯಾವ ಪಾಮ್ ಹಣ್ಣು ತೊಳೆಯುವಾಗಲೂ ಕೈಗವಸು ಹಾಕಿಕೊಳ್ಳಿ. ಬಗನಿ ಹಣ್ಣು ಮುಟ್ಟಿ ಕೈ ತುರಿಸಿಕೊಂಡವರಿಗೆ ಯಾಕೆ ಅಂತ ಹೇಳಬೇಕಿಲ್ಲ.

ಆಗಲೇ ಬೂಸ್ಟು ಬಂದಿದ್ದರೆ ಬೀಜ ತೆಗೆದು ತೊಳೆಯಿರಿ. ಒಂದು ಪಾಲು ಮನೆಯ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಸೇರಿಸಿ ಹತ್ತು ನಿಮಿಷ ಅದ್ದಿ, ಚೆನ್ನಾಗಿ ಜಾಲಿಸಿ, ಹೊಸ ಕೊಕೊಪೀಟ್‌ಗೆ ಹಾಕಿ. ಹಳೆಯದನ್ನು ಎಸೆಯಿರಿ. ತೊಳೆದ ಮೇಲೂ ಅದೇ ಒಂದೆರಡು ಬೀಜಕ್ಕೆ ಮತ್ತೆ ಮತ್ತೆ ಬೂಸ್ಟು ಬಂದರೆ ಅವನ್ನು ಬೆರಳಿನಲ್ಲಿ ಒತ್ತಿ ನೋಡಿ. ಮೆತ್ತಗಿದ್ದರೆ ಅವು ಸತ್ತಿವೆ. ತೆಗೆದುಬಿಡಿ.

ಬೇರು ಬಂತು, ಎಲೆ ಎಲ್ಲಿ?

ಅಡಿಕೆಯಲ್ಲಿ ಮೊಳಕೆ ಕಾಯಿಗೆ ಅಂಟಿಕೊಂಡೇ ಗುಂಡಿಯಂತೆ ಮೂಡುತ್ತದೆ. ಚೂಸಾನ್ ಲೆಕ್ಕ ಬೇರೆ. ಬೀಜದಿಂದ ಒಂದು ಬಿಳಿ ಬಾಲ ಹೊರಟು ಕೆಳಗಿಳಿಯುತ್ತದೆ. ಅದೇ ಬಾಲದ ಮೈ ಸೀಳಿ ಮೊದಲ ಎಲೆ ಮೇಲೆ ಬರುತ್ತದೆ, ಬೀಜದಿಂದಲ್ಲ. ಕ್ಯಾನರಿ ದ್ವೀಪಗಳ ಈಚಲಿನಲ್ಲಂತೂ ಬೀಜ ಒಂದು ಕಡೆ, ಸಸಿ ಅಷ್ಟು ದೂರ ಇನ್ನೊಂದು ಕಡೆ. ಬಾಲ ಕಂಡ ಮೇಲೆ ಎಲೆಗೆ ಇನ್ನೂ ಒಂದೆರಡು ತಿಂಗಳು ಹಿಡಿದರೆ ಅದು ದೋಷವಲ್ಲ.

ದೋಷ ಆಗುವುದು ಮೂರು ರೀತಿ. ಬಾಲ ಆರೇಳು ಸೆಂಟಿಮೀಟರ್ ಆಗುವವರೆಗೆ ಚೀಲದಲ್ಲೇ ಬಿಟ್ಟು, ತೆಗೆಯುವಾಗ ಮುರಿಯುವುದು ಒಂದು. ಒಂದೆರಡು ಸೆಂಟಿಮೀಟರ್ ಇರುವಾಗಲೇ ಕುಂಡಕ್ಕೆ ಹಾಕಿ. ಗಿಡ್ಡ ಕುಂಡ ಇನ್ನೊಂದು. ಬೇರು ನೇರ ಕೆಳಗೆ ಓಡುತ್ತದೆ, 15ರಿಂದ 20 ಸೆಂಟಿಮೀಟರ್ ಆಳ ಬೇಕು. ನಾನು ದೊಡ್ಡ ಹಾಲಿನ ಕ್ಯಾನಿನ ಮೇಲ್ಭಾಗ ಕತ್ತರಿಸಿ ತಳಕ್ಕೆ ತೂತು ಮಾಡಿ ಬಳಸುತ್ತೇನೆ. ಮೂರನೆಯದು, "ಇನ್ನು ಈ ಬೀಜ ಯಾಕೆ" ಅಂತ ಸಸಿಯಿಂದ ಅದನ್ನು ಕಿತ್ತು ಎಸೆಯುವುದು. ಮೊಳೆತ ತೆಂಗಿನಕಾಯಿ ಒಡೆದಾಗ ಒಳಗೆ ಹತ್ತಿಯಂಥ ಸಿಹಿ ಉಂಡೆ ಸಿಗುತ್ತದಲ್ಲ, ಕಾಯಿಯ ಸಾರ ಹೀರಿ ಸಸಿಗೆ ಉಣಿಸುವುದು ಅದೇ. ಈ ಪುಟ್ಟ ಬೀಜದೊಳಗೂ ಅದೇ ಕೆಲಸ ನಡೆದಿರುತ್ತದೆ. ತಾನಾಗಿ ಉದುರುವವರೆಗೆ ಬಿಡಿ. ಅಲ್ಲಿಯವರೆಗೆ ಗೊಬ್ಬರವೂ ಬೇಡ.

ಎಲೆ ಬಂದ ಮೇಲಿನ ತಕರಾರುಗಳು

"ಎಲೆ ಬೀಸಣಿಗೆ ಥರ ಇಲ್ಲ, ಬರೀ ಹುಲ್ಲಿನ ಹಾಗಿದೆ." ಇದು ದೋಷವೇ ಅಲ್ಲ. ಮೊದಲ ಎಲೆಗಳು ಸೀಳಿಲ್ಲದ ಪಟ್ಟಿಗಳೇ. ಸೀಳು ಕಾಣಿಸಿಕೊಳ್ಳಲು ಎರಡನೇ ವರ್ಷ ಆದೀತು. ನನ್ನ ಹೆಂಡತಿ ಎರಡು ಸಸಿಯನ್ನು ಹುಲ್ಲು ಅಂತ ಕಿತ್ತು ಹಾಕಿದ್ದಳು. ಅವಳನ್ನು ಬೈಯಲೂ ಆಗಲಿಲ್ಲ, ನೋಡಲು ಹಾಗೇ ಇದ್ದವು.

ತುದಿ ಕಂದಾಗಿ ಒಣಗುತ್ತಿದ್ದರೆ ಮೊದಲು ಕೆಟಲ್ ಒಳಗೆ ನೋಡಿ. ರೆಡಿಂಗ್ ಕಡೆಯ ನಲ್ಲಿ ನೀರು ಗಡಸು, ಕೆಟಲ್ ತಳದಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಆ ನೀರನ್ನೇ ಪುಟ್ಟ ಕುಂಡಕ್ಕೆ ಚೂರು ಚೂರೇ ಹಾಕುತ್ತಿದ್ದರೆ ಉಪ್ಪು ಅಲ್ಲೇ ಉಳಿಯುತ್ತದೆ. ಮಳೆನೀರು ಹಿಡಿದಿಟ್ಟುಕೊಳ್ಳಿ, ಇಲ್ಲಿ ಅದಕ್ಕೆ ಬರವಿಲ್ಲ. ನೀರು ಹಾಕಿದಾಗ ತಳದಿಂದ ಹರಿದು ಹೋಗುವಷ್ಟು ಹಾಕಿ, ಮತ್ತೆ ಮೇಲಿನ ಮಣ್ಣು ಒಣಗುವವರೆಗೆ ಮುಟ್ಟಬೇಡಿ. ಕೊಕೊಪೀಟ್‌ನಲ್ಲೇ ಉಪ್ಪು ಇರುವುದೂ ಉಂಟು. ಬಳಸುವ ಮೊದಲು ಎರಡು ನೀರಲ್ಲಿ ತೊಳೆಯಿರಿ.

ತುದಿಯಲ್ಲ, ಇಡೀ ಎಲೆ ಸಣ್ಣ ಸಣ್ಣ ಚುಕ್ಕೆಯಾಗಿ ಮಂಕಾಗಿದ್ದರೆ ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಉದುರಿದ ಧೂಳು ನಡೆದಾಡಿದರೆ ಅದು ಕೆಂಪು ಜೇಡನುಸಿ. ಹೀಟರ್ ಹಾಕಿದ ಒಣ ಕೋಣೆ ಅದಕ್ಕೆ ಸ್ವರ್ಗ. ಎಲೆಯ ಎರಡೂ ಬದಿಯನ್ನು ನೀರಿನಿಂದ ಒರೆಸಿ, ಮೂರು ದಿನಕ್ಕೊಮ್ಮೆ, ಕೆಲವು ವಾರ.

ಕುಂಡದ ಸುತ್ತ ಪುಟ್ಟ ಕಪ್ಪು ನೊಣ ಹಾರುತ್ತಿದ್ದರೆ ನೀರು ಜಾಸ್ತಿಯಾಗಿದೆ ಅಂತಲೇ ಅರ್ಥ. ನೊಣ ಏನೂ ಮಾಡುವುದಿಲ್ಲ, ಅದರ ಮರಿಹುಳು ಎಳೆ ಬೇರು ತಿನ್ನುತ್ತದೆ. ಮೇಲೆ ಒಂದು ಸೆಂಟಿಮೀಟರ್ ದಪ್ಪ ಒರಟು ಮರಳು ಹರಡಿ, ನೀರನ್ನು ಕೆಳಗಿನ ತಟ್ಟೆಯಿಂದ ಕೊಡಿ. ಹಳದಿ ಅಂಟುಕಾಗದ ಇಟ್ಟರೆ ಎಷ್ಟಿವೆ ಅಂತ ಲೆಕ್ಕ ಸಿಗುತ್ತದೆ.

ಸಸಿ ಬುಡದಲ್ಲಿ ಕಂದಾಗಿ ಮುರಿದು ಬಿದ್ದರೆ ಆ ಸಸಿಗೆ ಮದ್ದಿಲ್ಲ. ಪಕ್ಕದ ಸಸಿಗಳಿಗೆ ನೀರು ನಿಲ್ಲಿಸಿ, ಗಾಳಿ ಕೊಡಿ. ಮಣ್ಣಿನಲ್ಲಿ ಅರ್ಧದಷ್ಟು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) ಇಲ್ಲವೇ ಸಣ್ಣ ಜಲ್ಲಿ ಇದ್ದರೆ ಈ ರೋಗದ ಮುಖ ನೋಡುವುದು ಅಪರೂಪ.

ಸಸಿ ಸಣಕಲಾಗಿ ಕಿಟಕಿಯ ಕಡೆ ವಾಲುತ್ತಿದ್ದರೆ ಬೆಳಕು ಸಾಲದು. ಡಿಸೆಂಬರಿನಲ್ಲಿ ಇಲ್ಲಿ ಹಗಲು ಎಂಟು ತಾಸಿನಷ್ಟೇ, ಅದೂ ಮೋಡದ ಹಗಲು. ಒಂದು ಎಲ್‌ಇಡಿ ದೀಪ ಸಾಕು. ಮೇ ತಿಂಗಳಲ್ಲಿ ಖುಷಿಯಾಗಿ ಒಂದೇ ಸಲ ಬಿಸಿಲಿಗಿಟ್ಟರೆ ಎಲೆ ಬಿಳಿಚಿ ಸುಡುತ್ತದೆ. ಎರಡು ವಾರ ನೆರಳಲ್ಲಿಟ್ಟು ಆಮೇಲೆ ಬಿಸಿಲು.

ಚಳಿಗಾಲದಲ್ಲಿ ಸುಳಿ ಕೈಗೆ ಬಂತು

ದೊಡ್ಡ ಚೂಸಾನ್ ಮರ ಸೊನ್ನೆಗಿಂತ 12, 15 ಡಿಗ್ರಿ ಕೆಳಗಿನ ಚಳಿಯನ್ನೂ ದಾಟುತ್ತದೆ. ಅದನ್ನು ಕೇಳಿ ಪಟ್ಟಿ ಎಲೆಯ ಸಸಿಯನ್ನು ಹೊರಗಿಟ್ಟರೆ ಸಾಯುತ್ತದೆ. ಕುಂಡದಲ್ಲಿ ಬೇರಿಗೆ ನಾಲ್ಕೂ ಕಡೆಯಿಂದ ಚಳಿ. ಮೊದಲ ಎರಡು ಚಳಿಗಾಲ ಹಿಮ ಬೀಳದ, ಬೆಳಕಿರುವ ತಣ್ಣನೆಯ ಜಾಗದಲ್ಲಿರಲಿ. ಬೆಚ್ಚಗಿನ ಹಾಲ್ ಬೇಡ.

ಮೂರ್ನಾಲ್ಕು ವರ್ಷದ ಗಿಡವನ್ನು ನೆಲಕ್ಕೆ ಹಾಕಿದ ಮೇಲೆ ಬರುವ ದೊಡ್ಡ ಕಾಟ ಸುಳಿ ಕೊಳೆಯುವುದು. ಫೆಬ್ರವರಿಯಲ್ಲಿ ನಡುವಿನ ಸುಳಿಯನ್ನು ಮೆಲ್ಲಗೆ ಎಳೆದರೆ ಕೈಗೇ ಬರುತ್ತದೆ. ಬುಡ ಕಂದು, ವಾಸನೆ. ಅಡಿಕೆಗೆ ಸುಳಿ ಕೊಳೆತರೆ ಮರ ಹೋಯ್ತು ಅಂತ ನಮ್ಮ ಲೆಕ್ಕ. ಚೂಸಾನ್ ಎಷ್ಟೋ ಸಲ ಎದ್ದು ಬರುತ್ತದೆ. ಕೊಲ್ಲುವುದು ಬರೀ ಚಳಿ ಅಲ್ಲ, ಸುಳಿಯೊಳಗೆ ನಿಂತ ನೀರು ಮತ್ತು ಚಳಿ ಎರಡೂ ಸೇರಿ. ಕೊಳೆತದ್ದನ್ನು ತೆಗೆದು, ಔಷಧ ಅಂಗಡಿಯಲ್ಲಿ ಸಿಗುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಸುಳಿಗೆ ಸುರಿಯಿರಿ. ನೊರೆ ನಿಂತ ಮೇಲೆ ಗಿಡವನ್ನು ಮೆಲ್ಲಗೆ ಬಗ್ಗಿಸಿ ನೀರು ಬಸಿಯಿರಿ. ಮೇಲೆ ಮಳೆ ಬೀಳದ ಹಾಗೆ ಮುಚ್ಚಿ, ಬದಿಯಿಂದ ಗಾಳಿಯಾಡಲಿ. ಕೊಳೆ ರೋಗಕ್ಕೆ ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತೇವಲ್ಲ, ಅದೇ ಉಪಾಯ.

ಆಮೇಲೆ ಗಿಡ ಬದುಕಿದೆಯೋ ಇಲ್ಲವೋ ಅಂತ ದಿನಾ ಸುಳಿ ಎಳೆದು ನೋಡಬೇಡಿ. ಒಂದು ಮಾರ್ಕರ್ ಪೆನ್ನು ತಗೊಳ್ಳಿ. ನಡುವೆ ಉಳಿದ ಎಳೆಯ ತುಂಡಿನ ಮೇಲೆ ಮತ್ತು ಅದರ ಪಕ್ಕದ ಹಳೆಯ ಎಲೆ ತೊಟ್ಟಿನ ಮೇಲೆ ಒಂದೇ ಮಟ್ಟಕ್ಕೆ ಗೆರೆ ಎಳೆಯಿರಿ. ಏಪ್ರಿಲ್‌ವರೆಗೆ ಮರೆತುಬಿಡಿ. ನಡುವಿನ ಗೆರೆ ಪಕ್ಕದ ಗೆರೆಗಿಂತ ಎರಡು ಮಿಲಿಮೀಟರ್ ಮೇಲೆ ಹೋಗಿದ್ದರೂ ಸಾಕು, ಮುಚ್ಚಿಗೆ ತೆಗೆಯಬಹುದು.